ಬಾಡಿಗೆಗೆ ಕೂತ ಅಕ್ಷರ



ನಮ್ಮ ಕೇರಿಯ ಅಣ್ಣ ಒಬ್ಬರು ಮೂವತ್ತು ವರ್ಷ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ರಿಟೈರ್ ಆಗಿ ಮೈಸೂರಿಗೆ ಬಂದಿದ್ದಾರೆ. ಹೋರಾಟಕ್ಕೆ ಇರಲಿ, ಏಪ್ರಿಲ್ 14ಕ್ಕೂ ಅವರು ಕಾಣಿಸ್ತಿರಲಿಲ್ಲ. 'ಮೇಲೆ ಹೋದ್ಮೇಲೆ ಕೇರಿ ಮರೆತವರು' ಅಂತ ನಾನೇ ನಾಲ್ಕು ಜನರ ಮುಂದೆ ಆಡಿಕೊಂಡಿದ್ದೆ. ಅದು ತಪ್ಪು ಅಂತ ಹೇಳೋಕೇ ಇದನ್ನ ಬರೀತಿದೀನಿ.

ಸಂಘದ ಹಳೇ ಕರಪತ್ರ, ಮನವಿ, ಹಾಡು ಎಲ್ಲ ಒಂದು ಸಿಡಿಯಲ್ಲಿತ್ತು. ಆಫೀಸ್ ಮುಗಿದ ಮೇಲೆ ಕೂತು ನುಡಿಯಲ್ಲಿ ನಾನೇ ಟೈಪ್ ಮಾಡಿದ್ದು. ಹೊಸ ಕಂಪ್ಯೂಟರಲ್ಲಿ ತೆಗೆದರೆ ಒಂದಕ್ಷರ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಗೋಜಲು. ಸಂಕೋಚದಿಂದಲೇ ಅಣ್ಣನ ಮನೆಗೆ ಹೋದೆ.

'ಹಳೇ ಫಾಂಟಲ್ಲಿ ಕನ್ನಡಕ್ಕೆ ಸ್ವಂತ ನಂಬರ್ ಇರಲಿಲ್ಲ ಕಣಪ್ಪ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗೆ ಕೂತಿತ್ತು. ಫಾಂಟ್ ಇಲ್ಲ ಅಂದ್ರೆ ಓನರ್ ಮುಖಾನೇ ಕಾಣೋದು. ಯುನಿಕೋಡಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿನೇ ಇದೆ. "ಕ" ನಂಬರ್ 3221. ಯಾವ ದೇಶದಲ್ಲಿ ತೆಗೆದರೂ ಅದು "ಕ"ನೇ.'

ರೆಡಿ ಕನ್ವರ್ಟರ್‌ಗಳಿವೆ. ಆದ್ರೆ ನಮ್ಮ ಫೈಲುಗಳಲ್ಲಿ ಎರಡು ಮೂರು ಫಾಂಟ್ ಕಲಸಿಹೋಗಿದ್ವು. ಅಣ್ಣ ತಾವೇ ಪ್ರೋಗ್ರಾಂ ಬರೆದ್ರು. ಅರ್ಕಾವತ್ತು ಭಾಳ ಕಾಡಿತು: ಹಳೇ ಫಾಂಟಲ್ಲಿ ಅದು ಅಕ್ಷರದ ಆಮೇಲೆ, ಯುನಿಕೋಡಲ್ಲಿ ಮೊದಲು. ಮೂರು ವಾರ ದಿನಾ ಸಂಜೆ ಕೂತ್ವಿ.

ಆ ಸಂಜೆಗಳಲ್ಲೇ ಅವರ ಕಥೆ ಬಂತು. ಕೋಬಾಲ್‌ನಲ್ಲಿ ಸಂಬಳದ ಲೆಕ್ಕದ ಪ್ರೋಗ್ರಾಂ ಬರೆದದ್ದು. ವರ್ಷವನ್ನ ಎರಡೇ ಅಂಕಿಯಲ್ಲಿ ಇಟ್ಟಿದ್ದರಿಂದ 2000 ಬಂದರೆ ಕಂಪ್ಯೂಟರ್ 1900 ಅಂದುಕೊಳ್ಳುತ್ತೆ ಅಂತ 1999ರಲ್ಲಿ ರಾತ್ರಿಯಿಡೀ ತಿದ್ದಿದ್ದು. ಆಮೇಲೆ ಮೆಲ್ಲಗೆ, ಬಾಡಿಗೆ ಮನೆ ಕಥೆ.

'ಮನೆ ತೋರಿಸೋ ಮುಂಚೆ "ನೀವು ಯಾವ ಜನ" ಅನ್ನೋರು. ಐದಾರು ಕಡೆ ನಿಜ ಹೇಳಿದೆ, ಮನೆ ಸಿಗಲಿಲ್ಲ. ಆಮೇಲೆ ಒಂದು ಕಡೆ ಸುಳ್ಳು ಹೇಳಿದೆ. ಓನರ್ ಅಳಿಯ ನಮ್ಮ ಆಫೀಸಲ್ಲೇ ಇದ್ದ. ಮನೆಗೆ ಹೇಳಿದ ಸುಳ್ಳನ್ನ ಆಫೀಸಲ್ಲೂ ಕಾಯಬೇಕಾಯ್ತು. ಅಪ್ಪ ಊರಿಂದ ಬಂದ್ರೆ ಬಸ್‌ಸ್ಟ್ಯಾಂಡಲ್ಲೇ ಟೀ ಕುಡಿಸಿ ವಾಪಸ್ ಕಳಿಸಿದೀನಿ. ಅವರು ಯಾಕೆ ಅಂತ ಕೇಳಲೇ ಇಲ್ಲ.'

ನನಗೆ ಮಾತೇ ಹೊರಡಲಿಲ್ಲ.

ಅಪ್ಪ ತಮಟೆ ಬಾರಿಸ್ತಿದ್ದವರು. ಆ ತಮಟೆ ಈಗ ಅಣ್ಣನ ಹಾಲ್‌ನಲ್ಲಿ ತೂಗು ಹಾಕಿದೆ. ಈ ವಯಸ್ಸಲ್ಲಿ ಕಲೀತಿದ್ದಾರೆ. ಹಿತ್ತಲಲ್ಲಿ ಕಾಗದ ಉರಿಸಿ ಚರ್ಮ ಕಾಯಿಸಿಕೊಂಡು ಸಂಜೆ ಒಂದು ಗಂಟೆ ಬಾರಿಸ್ತಾರೆ. ಇನ್ನೂ ಕೈ ಕೂತಿಲ್ಲ, ತಾಳ ತಪ್ಪುತ್ತೆ. ಅಕ್ಕಪಕ್ಕದವರಿಗೆಲ್ಲ ಕೇಳಿಸುತ್ತೆ, ಕೇಳಿಸಲಿ ಅಂತಲೇ ಬಾರಿಸ್ತಾರೆ. ಭಾನುವಾರ ಹಾಸ್ಟೆಲ್ ಹುಡುಗರಿಗೆ ಎರಡು ಹಳೇ ಲ್ಯಾಪ್‌ಟಾಪಲ್ಲಿ ಪೈಥಾನ್ ಹೇಳಿಕೊಡ್ತಾರೆ. ಈ ಸಲ ಏಪ್ರಿಲ್ 14ರ ಮೆರವಣಿಗೆಯಲ್ಲಿ ತಮಟೆ ಹಿಡಿದು ನನ್ನ ಪಕ್ಕದಲ್ಲೇ ನಡೆದ್ರು.

'ನನ್ನ ಹೆಸರು ಹಾಕಿಯೇ ಬರಿ' ಅಂದ್ರು. ನಾನೇ ಹಾಕಿಲ್ಲ. ಅವರ ಮಗಳು ಈಗ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಿದ್ದಾಳೆ.

ಕರಪತ್ರಗಳೆಲ್ಲ ಈಗ ಓದೋಕೆ ಬರುತ್ತೆ. ತೀರಿಹೋದ ಸಂಗಾತಿಯೊಬ್ಬರ ಮೂರು ಹಾಡೂ ಸಿಕ್ಕಿವೆ. ನಿಮ್ಮ ಹತ್ರ ಇಂಥ ಹಳೇ ಫೈಲ್, ಸಿಡಿ ಇದ್ರೆ ಎಸೀಬೇಡಿ, ನನಗೆ ತಿಳಿಸಿ. ಅಣ್ಣ ಕಾಯ್ತಿದ್ದಾರೆ.

ಜೈಭೀಮ್.