ಹಳೆಯ ಬಂಡಿಯ ಹೊಳಪು



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವೆಂದರೆ ಅದು ಶಿಸ್ತನ್ನೋ ಸದ್ಗುಣವನ್ನೋ ಕುರಿತದ್ದಾಗಿರಬೇಕೆಂಬುದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಬಿಟ್ಟು, ಹಳೆಯದೊಂದು ಮೋಟಾರು ಬಂಡಿಯ ಹೊರಮೈಯನ್ನು ತೊಳೆದು, ಹೊಳೆಯಿಸಿ, ಕಾಪಾಡುವ ವಿಷಯವನ್ನು ಎತ್ತಿಕೊಂಡಿರುವೆನು. ಇದಕ್ಕೆ ಕಾರಣ ನೀವೇ. ಶನಿವಾರದ ಮಧ್ಯಾಹ್ನಗಳಲ್ಲಿ ಶಾಲೆಯ ಹಿಂದಿನ ಮನೆಯಂಗಳದಲ್ಲಿ ನಾನು ಆ ಬಂಡಿಯನ್ನು ಒರಸುತ್ತಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. “ಇದಕ್ಕೆ ಹೊಸ ಬಣ್ಣ ಹಾಕಿಸಬಾರದೇ ಟೀಚರ್?” ಎಂದು ಕೇಳಿದವರೂ ಉಂಟು. ಅವರಿಗೆ ಆಗ ಎರಡು ಮಾತಿನಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಅರಿಕೆ ಮಾಡಿಕೊಳ್ಳುತ್ತೇನೆ.

ಬಂಡಿಯು 1967ರಲ್ಲಿ ತಯಾರಾದ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಡಿಯ ಮೂರನೆಯ ಶ್ರೇಣಿಯನ್ನು ಮಾದರಿಯಾಗಿಟ್ಟುಕೊಂಡು, ಬಂಗಾಳದ ಉತ್ತರಪಾರಾ ಎಂಬಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸುತ್ತಿದ್ದರು. ನಮ್ಮ ತಂದೆಯವರು ಹಳ್ಳಿಗಾಡಿನ ವೈದ್ಯರು. ಕಾಫಿ ತೋಟದ ಒಬ್ಬ ಯಜಮಾನರಿಂದ ಇದನ್ನು ಎರಡನೆಯ ಕೈಯಾಗಿ ಕೊಂಡು, ಮೂವತ್ತು ವರುಷಗಳ ಕಾಲ ರೋಗಿಗಳ ಮನೆಮನೆಗೂ ಇದರಲ್ಲಿಯೇ ಹೋಗಿ ಬರುತ್ತಿದ್ದರು. ಬಣ್ಣ ತಿಳಿನೀಲಿ. ಚಾಲಕನ ಬಾಗಿಲಿನ ಕಿಟಕಿಯ ಅಂಚಿನಲ್ಲಿ ಅವರು ಬಲಮೊಣಕೈ ಊರಿ ಕುಳಿತುಕೊಳ್ಳುತ್ತಿದ್ದ ಸ್ಥಳದಲ್ಲಿ ಆ ನೀಲಿಯು ಸವೆದುಹೋಗಿ, ಒಂದು ಅಂಗೈಯಗಲ ಕೆಳಗಿನ ಕೆಂಗಂದು ಅಡಿಬಣ್ಣ ಕಾಣಿಸುತ್ತದೆ.

ತಂದೆಯವರು ತೀರಿಕೊಂಡ ಮೇಲೆ ಹೊರದೇಶದಲ್ಲಿರುವ ನನ್ನ ತಮ್ಮನು ಬಂಡಿಯನ್ನು ಹೊಸದರಂತೆ ಮಾಡಿಸಬೇಕೆಂದು ಆಶೆಪಟ್ಟನು. ಅವನ ಉದ್ದೇಶ ಒಳ್ಳೆಯದೇ. ತಂದೆಯವರ ಸೊತ್ತು ಮಂಕಾಗಿ ನಿಂತಿರುವುದು ಅವರ ನೆನಪಿಗೆ ಕುಂದೆಂದು ಅವನ ಎಣಿಕೆ. ಪೇಟೆಯ ಕಾರ್ಖಾನೆಯೊಂದರವರು ಬಂದು ನೋಡಿ, ಹಳೆಯ ಬಣ್ಣವನ್ನೆಲ್ಲ ಲೋಹದವರೆಗೆ ಕೆರೆದು ತೆಗೆದು, ಕನ್ನಡಿಯಂತಹ ಹೊಸ ಬಣ್ಣ ಬಳಿದು, ಬಂಪರುಗಳನ್ನು ಬದಲಾಯಿಸಿ ಕೊಡುವುದಾಗಿ ಲೆಕ್ಕ ಬರೆದುಕೊಟ್ಟರು. ನಾನು ಒಂದು ವರುಷದ ಅವಧಿಯನ್ನು ಕೇಳಿಕೊಂಡೆನು. ಆ ವರುಷದಲ್ಲಿ ಓದಿ, ವೃದ್ಧರಾದ ಮೆಕ್ಯಾನಿಕರನ್ನು ಕೇಳಿ, ಕೈಯಿಂದ ಮಾಡಿ ಕಲಿತದ್ದೇ ಈ ಲೇಖನದ ವಸ್ತು.

ಹೊಳೆಯಿಸುವಾಗ ನಾವು ವಸ್ತುವಿಗೆ ಏನನ್ನೋ ಸೇರಿಸುತ್ತೇವೆಂದು ಸಾಮಾನ್ಯವಾಗಿ ಎಣಿಸುವುದುಂಟು. ನಿಜಸ್ಥಿತಿ ಹಾಗಲ್ಲ. ಪಾಲಿಶ್ ಎಂಬುದರಲ್ಲಿ ಬಹು ನವುರಾದ ಗಟ್ಟಿ ಪುಡಿ ಇರುತ್ತದೆ. ಅದು ಮೇಲ್ಮೈಯ ಉಬ್ಬುತಗ್ಗುಗಳನ್ನು ಕೆರೆದು ಸಮಮಾಡುತ್ತದೆ; ಸಮವಾದ ಮೈ ಬೆಳಕನ್ನು ಚದರಿಸದೆ ಹಿಂದಿರುಗಿಸುವುದರಿಂದ ನಮ್ಮ ಕಣ್ಣಿಗೆ ಹೊಳಪು ತೋರುತ್ತದೆ. ಆದುದರಿಂದ ಪ್ರತಿಯೊಂದು ಹೊಳಪಿಗೂ ಬೆಲೆಯಾಗಿ ಒಂದು ತೆಳುವಾದ ಪದರ ಹೋಗಿಯೇ ಹೋಗುತ್ತದೆ. ನಮ್ಮ ಶಾಲೆಯ ಕಚೇರಿಯ ಬಾಗಿಲಿನ ಹಿತ್ತಾಳೆಯ ಫಲಕವನ್ನು ನೆನೆಯಿರಿ. ಶುಕ್ರವಾರಗಳಲ್ಲಿ ಸರದಿಯ ಮೇಲೆ ಹುಣಸೆಹಣ್ಣಿನಿಂದಲೂ ಬೂದಿಯಿಂದಲೂ ಅದನ್ನು ಬೆಳಗಿದವರು ನೀವೇ. ಫಲಕವು ಇಂದಿಗೂ ಚಿನ್ನದಂತೆ ಹೊಳೆಯುತ್ತದೆ. ಆದರೆ ಅದರ ಮೇಲೆ ಕೊರೆದ ಕೆಳಗಿನ ಸಾಲು ಬೆರಳಿಗೆ ತಾಕುವುದೇ ಹೊರತು ಕಣ್ಣಿಗೆ ಕಾಣಿಸದು.

ಬಂಡಿಯ ಬಣ್ಣಕ್ಕೂ ಇದೇ ಗತಿ. ಈಗಿನ ಬಂಡಿಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಲೇಪವಿರುತ್ತದೆ. ಉಜ್ಜಿದಾಗ ಸವೆಯುವುದು ಆ ಲೇಪ. ನಮ್ಮ ಅಂಬಾಸಿಡರಿನಂತಹ ಹಳೆಯ ಬಂಡಿಗಳಲ್ಲಿ ಅಂತಹ ಕಾವಲಿಲ್ಲ, ಬಣ್ಣವೇ ಹೊರಮೈ. ಬಿಳಿಯ ಬಟ್ಟೆಗೆ ಪಾಲಿಶ್ ಹಚ್ಚಿ ಮರೆಯಾದ ಒಂದು ಮೂಲೆಯಲ್ಲಿ ಮೆಲ್ಲನೆ ಉಜ್ಜಿ ನೋಡಿದರೆ ಬಟ್ಟೆ ನೀಲಿಯಾಗುವುದು. ಬಣ್ಣದ ಒಟ್ಟು ದಪ್ಪವೇ ಸುಮಾರಾಗಿ ಮಿಲಿಮೀಟರಿನ ಹತ್ತನೆಯ ಒಂದಂಶ. ಅಷ್ಟು ಅಲ್ಪವಾದ ಬಂಡವಾಳವನ್ನು ತಿಂಗಳು ತಿಂಗಳೂ ಖರ್ಚುಮಾಡುತ್ತ ಹೋದರೆ ಎಷ್ಟು ಕಾಲ ಉಳಿದೀತು? ಅದರಲ್ಲಿಯೂ ಬಾನೆಟ್ಟಿನ ಏಣು, ಬಾಗಿಲಿನ ಅಂಚು ಮೊದಲಾದ ಮೂಲೆಗಳಲ್ಲಿ ಬಣ್ಣ ಬಲು ಬೇಗ ತೀರಿಹೋಗುವುದು.

ಈ ಬಣ್ಣದ ಹಿಂದೆ ಒಂದು ಚರಿತ್ರೆಯೂ ಉಂಟು. ಮೊತ್ತಮೊದಲಿನ ಮೋಟಾರು ಬಂಡಿಗಳಿಗೆ ಕುದುರೆಗಾಡಿಗಳಂತೆಯೇ ಎಣ್ಣೆಯ ವಾರ್ನಿಷನ್ನು ಪದರ ಪದರವಾಗಿ ಹಚ್ಚುತ್ತಿದ್ದರು. ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಡ್ಯೂಕೊ ಎಂಬ ಬೇಗ ಒಣಗುವ ಬಣ್ಣವು ಬಂಡಿಗಳಿಗೆ ಬಂದ ಮೇಲೆ ಆ ಕಾಲಹರಣ ತಪ್ಪಿತು. ಲೋಹದ ಭಾಗಗಳಿಗೆ ಮೊದಲು ಹಿತ್ತಾಳೆ, ಬಳಿಕ ನಿಕ್ಕಲ್, 1920ರ ದಶಕದ ಕೊನೆಯಿಂದೀಚೆಗೆ ಕ್ರೋಮಿಯಂ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ಶಾಲೆಯ ಪ್ರವಾಸದಲ್ಲಿ ಕಂಡವರು ಇನ್ನೊಮ್ಮೆ ಹೋದಾಗ ಬಂಡಿಗಳ ದೀಪದ ಅಂಚುಗಳನ್ನು ಈ ದೃಷ್ಟಿಯಿಂದ ನೋಡಿರಿ. ಹಿತ್ತಾಳೆಯ ಹಳದಿ, ನಿಕ್ಕಲಿನ ಬೆಚ್ಚನೆಯ ಬಿಳುಪು, ಕ್ರೋಮಿಯಮ್ಮಿನ ನೀಲಿ ಛಾಯೆಯ ತಣ್ಣನೆಯ ಬಿಳುಪು, ಇವುಗಳನ್ನು ಪ್ರತ್ಯೇಕವಾಗಿ ಗುರುತಿಸಲು ಬಹಳ ಕಾಲ ಬೇಕಾಗದು.

ಬಂಪರು, ದೀಪದ ಬಳೆ, ಬಾಗಿಲಿನ ಹಿಡಿ ಇವುಗಳ ಕ್ರೋಮಿಯಂ ಬಹಳ ಗಟ್ಟಿಯೆಂದು ಜನರು ಭಾವಿಸುವರು. ಗಟ್ಟಿಯೇನೋ ಹೌದು, ಆದರೆ ಅತಿ ತೆಳು. ಉಕ್ಕಿನ ಮೇಲೆ ನಿಕ್ಕಲ್, ಕೆಲವು ಸಲ ಅದಕ್ಕೂ ಕೆಳಗೆ ತಾಮ್ರ, ಎಲ್ಲಕ್ಕೂ ಮೇಲೆ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದಂಶವೂ ಇಲ್ಲದ ಕ್ರೋಮಿಯಂ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳೂ ಬಿರುಕುಗಳೂ ಇರುತ್ತವೆ. ನಮ್ಮ ಕರಾವಳಿಯ ಉಪ್ಪುಗಾಳಿಯ ತೇವವು ಅವುಗಳ ಮೂಲಕ ಇಳಿದು, ಕೆಳಗಿನ ಲೇಪವೂ ಸೋತಲ್ಲಿ ಉಕ್ಕನ್ನು ಮುಟ್ಟುತ್ತದೆ. ಮೇಲೆ ಕಾಣುವ ಕಂದು ಚುಕ್ಕೆಯು ಕೆಳಗಿನ ರೋಗದ ಲಕ್ಷಣ ಮಾತ್ರ. ಚುಕ್ಕೆಗಳು ಸಣ್ಣವಿರುವಾಗ ಅಡಿಗೆಮನೆಯಲ್ಲಿ ಉಪಯೋಗಿಸುವ ಅಲ್ಯೂಮಿನಿಯಂ ಹಾಳೆಯ ತುಂಡನ್ನು ಮುದುರಿ, ನೀರಿನಲ್ಲಿ ಅದ್ದಿ, ಭಾರ ಹಾಕದೆ ಉಜ್ಜಿದರೆ ಅವು ಬಿಟ್ಟುಹೋಗುತ್ತವೆ. ಅಲ್ಯೂಮಿನಿಯಂ ಕ್ರೋಮಿಯಮ್ಮಿಗಿಂತ ಮೆದುವಾದುದರಿಂದ ಗೀರು ಬೀಳದು. ಒಡನೆಯೇ ತೊಳೆದು, ಒಣಗಿಸಿ, ಮೇಣ ಹಚ್ಚಬೇಕು. ಹುಣಸೆಹಣ್ಣು, ನಿಂಬೆರಸ, ಪಾತ್ರೆ ತಿಕ್ಕುವ ಉಕ್ಕಿನ ನಾರು ಇವುಗಳನ್ನು ಇದರ ಸಮೀಪಕ್ಕೂ ತರತಕ್ಕದ್ದಲ್ಲ.

ಇನ್ನು ತೊಳೆಯುವ ಕ್ರಮ. ಬಣ್ಣದ ಮೇಲಿನ ಗೀರುಗಳಲ್ಲಿ ಹೆಚ್ಚಿನವು ದಾರಿಯಲ್ಲಿ ಆದವುಗಳಲ್ಲ, ಒರಸುವಾಗ ಆದವುಗಳು. ಒಣಗಿದ ಧೂಳಿನ ಮೇಲೆ ಒಣಬಟ್ಟೆ ಎಳೆದರೆ ಅದು ಮರಳುಕಾಗದವನ್ನು ಎಳೆದಂತೆಯೇ. ಆದುದರಿಂದ ಬಂಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾದ ಬಳಿಕ, ಮೊದಲು ಬರಿಯ ನೀರನ್ನು ಧಾರಾಳವಾಗಿ ಹರಿಸಬೇಕು. ಬಕೀಟುಗಳು ಎರಡಿರಲಿ: ಒಂದು ಸಾಬೂನು ನೀರಿಗೆ, ಇನ್ನೊಂದು ಬಟ್ಟೆಯನ್ನು ಜಾಲಿಸಲಿಕ್ಕೆ. ಮೇಲಿನಿಂದ ಕೆಳಕ್ಕೆ, ಸುತ್ತು ಸುತ್ತಾಗಿ ಅಲ್ಲ, ನೇರ ರೇಖೆಯಲ್ಲಿ ಕೈಯಾಡಿಸಬೇಕು. ಬಟ್ಟೆ ಒಗೆಯುವ ಪುಡಿಯು ಕೊಳೆಯೊಂದಿಗೆ ಮೇಣವನ್ನೂ ಕಿತ್ತುಬಿಡುವುದರಿಂದ ಅದು ಬೇಡ. ಬಂಡಿಗಳಿಗಾಗಿಯೇ ದೊರೆಯುವ ಸೌಮ್ಯವಾದ ಸಾಬೂನು ಸಾಕು. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುವುದೇನೆಂದರೆ, ಬಳೆ ಉಂಗುರಗಳನ್ನು ತೆಗೆದಿಟ್ಟು, ಸೀರೆಯ ಪಿನ್ನನ್ನು ನೋಡಿಕೊಂಡು ಕೆಲಸಕ್ಕೆ ಕೈಹಾಕಿರಿ. ಹಕ್ಕಿಯ ಹಿಕ್ಕೆ, ಗೇರುಹಣ್ಣಿನ ರಸ, ಹಲಸಿನ ಅಂಟು ಇವುಗಳನ್ನು ಶನಿವಾರದವರೆಗೆ ಕಾಯಿಸಬಾರದು. ಅಂದಂದೇ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಬೇಕು. ಸೀಮೆಎಣ್ಣೆಯಲ್ಲಿಯೋ ಡೀಸೆಲಿನಲ್ಲಿಯೋ ಬಟ್ಟೆ ಅದ್ದಿ ಒರಸುವ ಪದ್ಧತಿ ನಮ್ಮ ಚಾಲಕರಲ್ಲಿ ಹಿಂದಿನಿಂದಲೂ ಉಂಟು. ಅರ್ಧ ದಿನ ಮೈ ಮಿಂಚುತ್ತದೆ, ನಿಜ. ಬಳಿಕ ಆ ಜಿಡ್ಡಿಗೆ ಧೂಳು ಅಂಟಿಕೊಳ್ಳುವುದಲ್ಲದೆ ಕಿಟಕಿಯ ಸುತ್ತಲಿನ ರಬ್ಬರು ಉಬ್ಬಿ ಕೆಡುತ್ತದೆ.

ಹೊಳೆಯಿಸುವುದು ಕಳೆಯುವ ಕೆಲಸವಾದರೆ, ಮೇಣ ಹಚ್ಚುವುದು ಕಾಯುವ ಕೆಲಸ. ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಎಷ್ಟೋ ಹಳೆಯ ಬಂಡಿಗಳು ಬಣ್ಣಗೆಟ್ಟಿರುವುವು. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಕಾರ್ನೌಬ ಎಂಬ ತಾಳೆಯ ಜಾತಿಯ ಮರದ ಎಲೆಗಳ ಮೇಲಿನಿಂದ ತೆಗೆಯುವ ಮೇಣವು ಇದಕ್ಕೆ ಹೆಸರಾದದ್ದು. ಜೇನುಮೇಣವು ಸುಮಾರು 63 ಡಿಗ್ರಿ ಶಾಖದಲ್ಲಿ ಕರಗಿದರೆ ಇದು 80 ಡಿಗ್ರಿಯನ್ನು ದಾಟಿದ ಮೇಲೆಯೇ ಕರಗುವುದು. ಆದುದರಿಂದ ನಮ್ಮ ಏಪ್ರಿಲ್ ತಿಂಗಳ ಬಿಸಿಲನ್ನೂ ತಾಳಿಕೊಳ್ಳುತ್ತದೆ. ಹಚ್ಚುವುದು ಬಹಳ ತೆಳುವಾಗಿರಬೇಕು; ಒಂದು ಗೇಣುದ್ದದ ಚೌಕದಷ್ಟು ಹಚ್ಚಿ, ಮಂಕಾದ ಕೂಡಲೇ ಮೆತ್ತನೆಯ ಬಟ್ಟೆಯಿಂದ ತೆಗೆಯಬೇಕು. ನೀರು ಹನಿಗೂಡಿ ಜಾರುವ ತನಕ ಕಾವಲು ಇದೆಯೆಂದು ತಿಳಿಯಬಹುದು. ನೀರು ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂತು. ನಾನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ತಪ್ಪದೆ ಹಚ್ಚುತ್ತೇನೆ. ಪಾಲಿಶ್ ಡಬ್ಬಿಯನ್ನಾದರೋ ಹಲವು ವರುಷಗಳಿಗೊಮ್ಮೆ, ಅದೂ ಬಣ್ಣ ಸುಣ್ಣದಂತೆ ಬಿಳಿಚಿಕೊಂಡ ಸ್ಥಳದಲ್ಲಿ ಮಾತ್ರ ತೆರೆಯುವೆನು.

ಹೊಳಪಿನ ಗದ್ದಲದಲ್ಲಿ ಮರೆತುಹೋಗುವ ಇನ್ನೊಂದು ಸಂಗತಿಯುಂಟು. ಬಾಗಿಲುಗಳ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಎಲೆಯ ಪುಡಿ, ಕೆಸರು ಸೇರಿ ಅವು ಮುಚ್ಚಿಹೋದರೆ ಮಳೆನೀರು ಬಾಗಿಲಿನ ಹೊಟ್ಟೆಯಲ್ಲಿಯೇ ನಿಂತು, ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣದಲ್ಲಿ ಗುಳ್ಳೆ ಎದ್ದಾಗ ನಾವು ಕಾಣುವುದು ರೋಗದ ಕೊನೆಯ ಹಂತವನ್ನು. ಮೆತ್ತನೆಯ ಕಡ್ಡಿಯಿಂದ ತಿಂಗಳಿಗೊಮ್ಮೆ ತೂತುಗಳನ್ನು ಬಿಡಿಸುವುದು ಐದು ನಿಮಿಷದ ಕೆಲಸ. ಹಾಗೆಯೇ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಬಿಗಿದು ಕಟ್ಟಿದರೆ ತೇವವು ಒಳಗೇ ಉಳಿದು ಕೇಡಾಗುವುದು. ಗಾಳಿಯಾಡುವ ಕೊಟ್ಟಿಗೆಯೂ ಹತ್ತಿಯ ಹೊದಿಕೆಯೂ ಲೇಸು.

ಒಂದು ವರುಷ ಹೀಗೆ ಕೆಲಸ ಮಾಡಿದ ಮೇಲೆ ನನಗೆ ಒಂದು ಭೇದವು ಸ್ಪಷ್ಟವಾಯಿತು: ಸವೆತ ಬೇರೆ, ತುಕ್ಕು ಬೇರೆ. ಸವೆತವು ಆಗಿಹೋದ ಸಂಗತಿ; ಯಾರ ಕೈ, ಯಾವ ಕೆಲಸ ಎಂಬುದಕ್ಕೆ ಅದು ಸಾಕ್ಷಿ. ತುಕ್ಕು ಇನ್ನೂ ನಡೆಯುತ್ತಿರುವ ನಷ್ಟ. ಅದು ಯಾವ ಸಾಕ್ಷಿಯನ್ನೂ ಉಳಿಸದೆ ನುಂಗುತ್ತದೆ. ಮೊದಲನೆಯದನ್ನು ಕಾಯಬೇಕು, ಎರಡನೆಯದನ್ನು ನಿಲ್ಲಿಸಬೇಕು. ಎರಡಕ್ಕೂ ಒಂದೇ ಮದ್ದೆಂದು ಎಲ್ಲವನ್ನೂ ಕೆರೆದುಹಾಕುವುದು ಸುಲಭವಾದರೂ ವಿವೇಕವಲ್ಲ. ತಜ್ಞರ ಅಭಿಪ್ರಾಯವೂ ಇದರ ಕಡೆಗೇ ಇದೆ. 1966ರಲ್ಲಿ ಸ್ಥಾಪಿತವಾದ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ, ತನ್ನ ಟ್ಯುರಿನ್ ಸನ್ನದಿನಲ್ಲಿ, ಹೊಸದಾಗಿಸುವುದಕ್ಕಿಂತ ಇದ್ದುದನ್ನು ಉಳಿಸುವುದಕ್ಕೆ ಮೇಲಿನ ಸ್ಥಾನ ಕೊಟ್ಟಿದೆ. ನಮ್ಮ ದೇಶದಲ್ಲಿಯೂ 2021ರಲ್ಲಿ ಬಂದ ನಿಯಮದಂತೆ, 50 ವರುಷ ಮೀರಿ, ಚೌಕಟ್ಟು, ಮೈ, ಯಂತ್ರ ಇವುಗಳಲ್ಲಿ ಮಾರ್ಪಾಡಿಲ್ಲದೆ ಮೂಲರೂಪದಲ್ಲಿ ಉಳಿದ ವಾಹನಗಳನ್ನು ಪ್ರಾಚೀನ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಬಹುದಾಗಿದೆ.

ಹೀಗಿರಲಾಗಿ ನಮ್ಮ ಬಂಡಿಯಲ್ಲಿ ಎರಡು ಬಗೆಯ ತೀರ್ಮಾನಗಳಾದುವು. ಹಿಂದಿನ ಬಂಪರಿನ ಒಳಮಗ್ಗುಲು ತುಕ್ಕಿನಿಂದ ಹುಡಿಯಾಗತೊಡಗಿತ್ತು. ಅದನ್ನು ಕಳಚಿಸಿ, ಶುದ್ಧಮಾಡಿಸಿ, ಪುನಃ ನಿಕ್ಕಲ್ ಮತ್ತು ಕ್ರೋಮಿಯಂ ಲೇಪ ಕೊಡಿಸಿದೆನು. ಎಡಬಾಗಿಲಿನ ತಳದ ತುಕ್ಕನ್ನು ಕೆರೆಸಿ, ಅಲ್ಲಿಯಷ್ಟಕ್ಕೇ ಬಣ್ಣ ಹಾಕಿಸಿದೆನು. ಹೊಸ ನೀಲಿಯು ಹಳೆಯ ನೀಲಿಗೆ ಪೂರಾ ಕೂಡುವುದಿಲ್ಲ, ಕೂಡಬೇಕೆಂಬ ಹಟವೂ ನನಗಿಲ್ಲ. ಚಾಲಕನ ಬಾಗಿಲಿನ ಮೇಲಂಚಿಗೆ ಮಾತ್ರ ಯಾರ ಪಾಲಿಶನ್ನೂ ತಾಕಗೊಡಲಿಲ್ಲ. ಅಲ್ಲಿಗೆ ಮೇಣ ಮಾತ್ರ. ಇತರ ಕಡೆಗಿಂತ ಒಂದು ಸಲ ಹೆಚ್ಚು, ಯಾಕೆಂದರೆ ಅಲ್ಲಿಯ ಅಡಿಬಣ್ಣಕ್ಕೆ ಬೇರೆ ಆಸರೆಯಿಲ್ಲ.

ಅವಧಿ ತೀರಿದ ಮೇಲೆ ತಮ್ಮನು ರಜೆಯಲ್ಲಿ ಬಂದನು. ಬಂಡಿಯ ಸುತ್ತಲೂ ಒಮ್ಮೆ ನಡೆದು, ಚಾಲಕನ ಸ್ಥಳದಲ್ಲಿ ಕುಳಿತು, ಗಾಜನ್ನು ಇಳಿಸಿ, ತನ್ನ ಮೊಣಕೈಯನ್ನು ಆ ಅಂಚಿನ ಮೇಲೆ ಇಟ್ಟನು. ತಂದೆಯವರ ಎತ್ತರವೇ ಅವನದೂ; ಮೊಣಕೈ ಸರಿಯಾಗಿ ಆ ಕೆಂಗಂದು ಸ್ಥಳದಲ್ಲಿಯೇ ಬಂದು ಕುಳಿತಿತು. ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಬಳಿಕ, “ಮೇಣ ಯಾವುದು ಹಚ್ಚುತ್ತಿ?” ಎಂದು ಕೇಳಿದನು. ಕಾರ್ಖಾನೆಯವರ ಲೆಕ್ಕದ ಕಾಗದದ ಸುದ್ದಿಯನ್ನು ಅವನು ಮತ್ತೆ ಎತ್ತಿದ್ದಿಲ್ಲ.

ನಿಮ್ಮ ಮನೆಗಳಲ್ಲಿ ಹಳೆಯ ಬಂಡಿ ಇಲ್ಲದಿರಬಹುದು. ಆದರೆ ಅಜ್ಜಿಯ ಹೊಲಿಗೆ ಯಂತ್ರವೋ, ತಾತನ ಸೈಕಲ್ಲೋ, ಹಿತ್ತಾಳೆಯ ದೀಪವೋ ಇರದ ಮನೆ ಅಪರೂಪ. ಅವುಗಳನ್ನು ಬೆಳಗುವುದಕ್ಕೆ ಕುಳಿತಾಗ ಮೊದಲು ಬೆಳಕಿನಲ್ಲಿ ಹಿಡಿದು ನೋಡಿರಿ. ಕೊಳೆ ಯಾವುದು, ತುಕ್ಕು ಯಾವುದು, ಮನುಷ್ಯರ ಕೈ ಸವೆಸಿದ್ದು ಯಾವುದು ಎಂದು ವಿಂಗಡಿಸಿಕೊಂಡ ಬಳಿಕವೇ ಬಟ್ಟೆಯನ್ನು ಕೈಗೆತ್ತಿಕೊಳ್ಳಿರಿ. ಕಚೇರಿಯ ಹಿತ್ತಾಳೆಯ ಫಲಕದ ಶುಕ್ರವಾರದ ಸರದಿಯನ್ನೂ ಈ ವರುಷದಿಂದ ಬದಲಾಯಿಸಿರುವೆನು: ವಾರವಾರವೂ ಧೂಳು ಒರಸುವುದು ಮಾತ್ರ, ವರುಷಕ್ಕೆರಡು ಸಲ ಮೇಣ. ಅದು ಮೊದಲಿನಷ್ಟು ಥಳಥಳಿಸದು; ಉಳಿದ ಸಾಲುಗಳನ್ನಾದರೂ ನಿಮ್ಮ ಹೆಣ್ಣುಮಕ್ಕಳು ಓದಬಲ್ಲರು.