ಕಲ್ಲಿಗೇನು ಬರ!

ಭಾನುವಾರ ಬೆಳಿಗ್ಗೆ ನಾನು ಕಲ್ಲು ಆರಿಸಲು ಹೋಗುತ್ತೇನೆಂದು ತಿಳಿದಾಗ ಅವ್ವ ಫೋನಿನಲ್ಲೇ ನಕ್ಕಳು. "ಬಳ್ಳಾರ್‍ಯಾಗ ಹುಟ್ಟಿ, ಕಲ್ಲು ಹುಡುಕಾಕ ಬರೋಡಾಮಟ ಹೋಗಬೇಕಿತ್ತೇನಪಾ? ಇಲ್ಲೇನು ಕಲ್ಲಿಗೆ ಬರ ಬಂದಿತ್ತಾ?"

ಈ ದಾರಿಯಲ್ಲಿ ನನಗಿಂತ ಮೊದಲು ದೊಡ್ಡವರೇ ನಡೆದಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಗುಡ್ಡಗಳನ್ನೆಲ್ಲ ಸುತ್ತಿ, ಕಪಗಲ್ಲಿನಲ್ಲಿ ನವಶಿಲಾಯುಗದವರು ಕೊಡಲಿ ತಯಾರಿಸುತ್ತಿದ್ದ ಜಾಗವನ್ನು ಲೋಕಕ್ಕೆ ತೋರಿಸಿದರು. 1891ರಲ್ಲಿ ಸರ್ಕಾರಿ ಭೂವಿಜ್ಞಾನ ಇಲಾಖೆಯಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಕೂರದೆ ಬರೋಡಾ ಸಂಸ್ಥಾನದ ಕೆಲಸ ಹಿಡಿದರು. 1893ರಲ್ಲಿ ಸಾಬರಮತಿ ದಂಡೆಯ ಸಾದೋಲಿಯಾ, ಪೆಢಾಮಲಿಗಳಲ್ಲಿ ಹಳೇ ಶಿಲಾಯುಗದ ಆಯುಧಗಳು ಅವರಿಗೆ ಸಿಕ್ಕವು. ಆಮೇಲೆ ಬಂದವರು ಬಿ. ಸುಬ್ಬರಾವ್. ಬಳ್ಳಾರಿಯ ಶಿಲಾಯುಗದ ಮೇಲೆ ಪ್ರಬಂಧ ಬರೆದು, ಸಂಗನಕಲ್ಲಿನಲ್ಲಿ ಉತ್ಖನನ ಮಾಡಿ, ಬರೋಡಾ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಶುರುವಾದ ಪುರಾತತ್ವ ವಿಭಾಗವನ್ನು ಕಟ್ಟಿ ನಿಲ್ಲಿಸಿದರು. ಮೂರನೆಯವನಾಗಿ ನಾನು ಬಂದದ್ದು ಬ್ಯಾಂಕಿನ ವರ್ಗಾವಣೆಯ ಮೇಲೆ. ಪರಂಪರೆ ಎಂದಮೇಲೆ ಇಂಥ ಇಳಿಜಾರೂ ಇರುತ್ತದೆ.

ಆ ವಿಭಾಗದಲ್ಲಿ ಓದಿದ ಗೆಳೆಯನೊಬ್ಬನ ಬಾಲ ಹಿಡಿದು ನಾನು ಓರ್ಸಂಗ್ ನದಿಯ ದಂಡೆಗೆ ಹೋಗುವವನು. ವಡೋದರೆಯಿಂದ ಪೂರ್ವಕ್ಕೆ, ಬೋಡೇಲಿಯ ಕಡೆ. ಅಲ್ಲಿನ ದಿನ್ನೆಗಳ ಮೇಲೆ ಮಧ್ಯಶಿಲಾಯುಗದವರು ಬಿಟ್ಟುಹೋದ ಸೂಕ್ಷ್ಮ ಶಿಲಾಯುಧಗಳು ಹರಡಿಕೊಂಡಿವೆ. ನದಿಯಲ್ಲಿ ಮರಳಿದೆ. ಮರಳಿರುವ ಕಡೆ ಲೀಜ್ ಇದೆ, ಲೀಜ್ ಇರುವ ಕಡೆ ಹಿಟಾಚಿ, ಹಿಟಾಚಿಯ ಬೆನ್ನಿಗೆ ಡಂಪರುಗಳ ಸಾಲು.

ಸರ್ವೆ ಎಂದರೆ ಇಷ್ಟೇ: ನಾಲ್ಕೈದು ಮಂದಿ ಅಂತರ ಬಿಟ್ಟು ಸಾಲಾಗಿ ನಿಂತು, ತಲೆ ತಗ್ಗಿಸಿ ನಡೆಯುವುದು. ನೋಡಿದವರಿಗೆ ಯಾರದೋ ಮೂಗುತಿ ಕಳೆದುಹೋಗಿದೆ ಅನ್ನಿಸಬೇಕು. ಕಲ್ಲು ಕಂಡರೆ ಎತ್ತುವ ಮೊದಲು ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ, ಜಿಪಿಎಸ್ ಅಂಕಿ. ಮೊನ್ನೆ ನನ್ನ ಪಾಲಿಗೆ ಬಂದದ್ದು ಉಗುರಿನುದ್ದದ ಒಂದು ಅಲಗು. ಇಲ್ಲಿಯವರು ಅಕೀಕ್ ಎನ್ನುವ ಅಗೇಟ್ ಕಲ್ಲಿನದು. ಖಂಭಾತಿನಲ್ಲಿ ಇವತ್ತಿಗೂ ಮಣಿ ಮಾಡಲು ಒಡೆಯುತ್ತಾರಲ್ಲ, ಅದೇ. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ತುದಿಯಲ್ಲಿ ಏಟು ಬಿದ್ದ ಕಡೆ ಸಣ್ಣ ಉಬ್ಬು, ಬೆನ್ನ ಮೇಲೆ ಹಿಂದಿನ ಅಲಗುಗಳು ಕಳಚಿಹೋದ ಎರಡು ಉದ್ದ ಗೆರೆ. ಹೆಬ್ಬೆರಳು ಸವರಿ ನೋಡಿದೆ. ಹರಿತ ಹೋಗಿರಲಿಲ್ಲ.

ಲೀಜಿನ ಸೂಪರ್‌ವೈಸರ್ ಆಗಲೇ ಹಿಂದೆ ನಿಂತಿದ್ದ. "ಹೀರೋ ಛೇ?" ಎಂದ. ಸೂರತ್ತಿನ ನೆರೆಯಲ್ಲಿರುವವರಿಗೆ ಹೊಳೆಯುವ ಕಲ್ಲೆಲ್ಲ ವಜ್ರವೇ. ಅಲ್ಲ, ಬರೀ ಕಲ್ಲು ಎಂದು ಗೆಳೆಯ ಹೇಳಿದ ಮೇಲೆ ಅವನ ಮುಖ ಸಡಿಲವಾಯಿತು. ಬರೀ ಕಲ್ಲಿಗೆ ಬರೋಡಾದಿಂದ ಕಾರು ಮಾಡಿಕೊಂಡು ಬಂದ ನಮ್ಮನ್ನು ಕನಿಕರದಿಂದ ನೋಡಿ ಚಾ ತರಿಸಿದ.

ಆ ಚಾ ಕುಡಿದ ಮೇಲೆ ಅಗೆಯುವವರನ್ನು ಬೈಯುವುದು ಕಷ್ಟ. ನ್ಯಾಯವಾಗಿಯೂ ಕಷ್ಟ. 1863ರ ಮೇ 30ರಂದು ಮದರಾಸಿನ ಬಳಿ ಪಲ್ಲಾವರಂನಲ್ಲಿ ಫೂಟರಿಗೆ ಭಾರತದ ಮೊದಲ ಹಳೇ ಶಿಲಾಯುಧ ಸಿಕ್ಕಿತಲ್ಲ, ಅದು ಯಾರೋ ಗರಸು ತೆಗೆದ ಗುಂಡಿಯಲ್ಲಿ. ಫ್ರಾನ್ಸಿನ ಸೋಮ್ ನದಿಯ ದಂಡೆಯಲ್ಲಿ ಬೂಷೆ ದ ಪೆರ್ತ್‌ಗೆ ಅಂಥ ಆಯುಧಗಳು ಸಿಕ್ಕಿದ್ದೂ ಜಲ್ಲಿ ತೆಗೆಯುವ ಗುಂಡಿಗಳಲ್ಲೇ. ಅಗೆದ ಗೋಡೆಯಲ್ಲಿ ಪದರ ಕಾಣುತ್ತದೆ, ಪದರದಲ್ಲಿ ಕಾಲ ಕಾಣುತ್ತದೆ. ಗುದ್ದಲಿ ಸಂಜೆ ಮನೆಗೆ ಹೋಗುತ್ತಿದ್ದ ಕಾಲದಲ್ಲಿ ಫೂಟರು ಕುದುರೆಯೇರಿ ಬರುವಷ್ಟು ಪುರುಸೊತ್ತು ಗುಂಡಿಗೂ ಇತ್ತು. ಹಿಟಾಚಿ ರಾತ್ರಿ ಪಾಳಿಯಲ್ಲೂ ದುಡಿಯುತ್ತದೆ.

ನಮ್ಮೂರ ಕಡೆಯ ಕಥೆಯೂ ಇದೇ. ಸಂಗನಕಲ್ಲು–ಕಪಗಲ್ಲಿನ ಹಿರೇಗುಡ್ಡದ ಕರಿಕಲ್ಲನ್ನು ನವಶಿಲಾಯುಗದವರು ಕಿತ್ತು, ಒಡೆದು, ಉಜ್ಜಿ ಕೊಡಲಿ ಮಾಡಿದರು. ಬಡಿದರೆ ಟಣ್ ಎಂದು ದನಿ ಕೊಡುವ ಬಂಡೆಗಳೂ ಅಲ್ಲಿವೆ. ಹಳಬರು ಬಡಿದ ಕುಳಿಗಳು ಅವುಗಳ ಮೈಮೇಲಿವೆ. ಆ ಗುಡ್ಡಗಳಿಗೆ ಈಗ ಕ್ವಾರಿಯವರ ಕಾಟ. ಒಮ್ಮೆ ರಜೆಗೆ ಗೆಳೆಯನನ್ನು ಕರೆದೊಯ್ದಿದ್ದೆ. ಅಭ್ಯಾಸಬಲದಿಂದ ಅಲ್ಲೂ ಸರ್ವೆಯ ಫಾರಂ ತೆಗೆದ. ಜಾಗದ ಹಿಂದಿನ ಬಳಕೆ: ಕಲ್ಲು ತೆಗೆಯುವುದು. ಈಗಿನ ಬಳಕೆ: ಕಲ್ಲು ತೆಗೆಯುವುದು. ಬರೆದು ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ನಿಂತ. ಹಾಗಾದರೆ ವ್ಯತ್ಯಾಸವೇನು? ಹಳಬರು ಚಕ್ಕೆಗಳನ್ನು ಕೂತಲ್ಲೇ ಬಿಟ್ಟು ಹೋದರು. ಯಾರು ಎಲ್ಲಿ ಕೂತಿದ್ದರು, ಯಾವ ಚಕ್ಕೆ ಯಾವ ಕಲ್ಲಿನಿಂದ ಎದ್ದದ್ದು ಎಂದು ಜೋಡಿಸಿ ನೋಡಬಹುದು. ಕ್ರಷರ್ ಕಲ್ಲನ್ನಷ್ಟೇ ಒಯ್ಯುವುದಿಲ್ಲ, ಅವರು ಕೂತಿದ್ದ ಜಾಗವನ್ನೂ ಒಯ್ಯುತ್ತದೆ.

ಕಾನೂನು ಇಲ್ಲವೇ ಎಂದರೆ, ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆದರೆ ಮೊದಲು ಸ್ಮಾರಕ ಎಂದು ಘೋಷಣೆಯಾಗಬೇಕು. ಅಹಮದಾಬಾದಿನ ಜಾಲಿ ಕಿಟಕಿಯ ಮಸೀದಿ ಸ್ಮಾರಕವೆಂದು ಕುರುಡನಿಗೂ ಗೊತ್ತಾಗುತ್ತದೆ. ಗೇಟಿಲ್ಲದ, ಟಿಕೆಟ್ಟಿಲ್ಲದ, ಬಗ್ಗಿದರೆ ಮಾತ್ರ ಕಾಣುವ ಚೂರುಗಳನ್ನು ಘೋಷಿಸುವವರು ಯಾರು?

ಇಷ್ಟರ ಮೇಲೂ ಆಯುಧಗಳು ನಾಶವಾಗುವುದಿಲ್ಲ, ವಿಳಾಸ ಕಳೆದುಕೊಳ್ಳುತ್ತವೆ ಅಷ್ಟೆ. ದಿನ್ನೆ ಕುಸಿದು ಮರಳಿಗೆ ಬೀಳುತ್ತದೆ, ಮರಳು ಡಂಪರಿಗೆ, ಡಂಪರು ನಗರಕ್ಕೆ. ಸಣ್ಣ ಅಲಗುಗಳು ಜರಡಿಯಲ್ಲಿ ನುಸುಳಿ ಗಿಲಾವಿನಲ್ಲಿ ಸೇರಿರಬೇಕು. ನಮ್ಮ ಸೊಸೈಟಿಯ ಗೋಡೆಗಳಲ್ಲೂ ನಾಲ್ಕು ಇದ್ದರೆ ಆಶ್ಚರ್ಯವಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ನಮ್ಮ ಕಟ್ಟಡವನ್ನೇ ಸ್ಮಾರಕವೆಂದು ಘೋಷಿಸಲು ಅರ್ಜಿ ಹಾಕೋಣ ಎಂದು ಸೂಚಿಸಬೇಕೆಂದಿದ್ದೇನೆ. ಶಿಲಾಯುಗದ ಹೆಸರಿಗೆ ಯಾರೂ ಕೈ ಎತ್ತಲಿಕ್ಕಿಲ್ಲ. ಆದರೆ ಸುತ್ತ 100 ಮೀಟರಿನಲ್ಲಿ ಇನ್ನೊಂದು ಅಪಾರ್ಟ್‌ಮೆಂಟ್ ಏಳುವಂತಿಲ್ಲ, ಪಾರ್ಕಿಂಗ್ ತಾಪತ್ರಯವೂ ಇಲ್ಲ ಎಂದರೆ ನಿರ್ಣಯ ಸರ್ವಾನುಮತದಿಂದ ಪಾಸಾಗುತ್ತದೆ.