ಕಂಪ್ಯೂಟರಿನ ಡೀಫಾಲ್ಟು, ರೈತರ ಸುಸ್ತಿ

"ಸಿಸ್ಟಂನಲ್ಲೇ ಹಾಗೆ ಬಂದಿದೆ." ಕಚೇರಿ ಕಿಟಕಿಯ ಆಚೆಯಿಂದ ಈ ಮಾತು ಕೇಳದ ಹಳ್ಳಿಯವರು ಯಾರೂ ಇರಲಿಕ್ಕಿಲ್ಲ. ಪಿಂಚಣಿ ನಿಂತರೂ ಇದೇ ಮಾತು, ಪಹಣಿಯಲ್ಲಿ ಹೆಸರು ತಪ್ಪಿದರೂ ಇದೇ ಮಾತು. ಅಲ್ಲಿಗೆ ಚರ್ಚೆ ಮುಗಿಯಿತು. ಸಿಸ್ಟಂ ಜೊತೆ ಜಗಳ ಆಡೋಕಾಗುತ್ತಾ?

ಆಗುತ್ತದೆ. ಹೇಗೆ ಅನ್ನೋದನ್ನ ಹೇಳೋಕೇ ಈ ಬರಹ. ಸ್ವಲ್ಪ ಕಂಪ್ಯೂಟರ್ ವಿಷಯ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಸಾಲ ತಗೊಂಡವರಿಗೆ, ತೀರಿಸಿದವರಿಗೆ, ರಸೀದಿ ಕಳ್ಕೊಂಡವರಿಗೆ ಎಲ್ಲರಿಗೂ ಸಂಬಂಧಪಟ್ಟ ವಿಷಯ.

ನಾವು ಸುದ್ದಿ ಕಳಿಸುವ ತಾಲ್ಲೂಕಿನಲ್ಲಿ ಒಂದು ಸಹಕಾರಿ ಸಂಸ್ಥೆ ಇದೆ. ಹೆಸರು ಬೇಡ. ಅಲ್ಲಿ ರೈತರಿಗೆ ಬೆಳೆಸಾಲ ಕೊಡುತ್ತಾರೆ. ಗಡುವಿನೊಳಗೆ ಅಸಲು ಕಟ್ಟಿದರೆ ಬಡ್ಡಿ ಇಲ್ಲ, ಆ ಬಡ್ಡಿಯನ್ನ ಸರ್ಕಾರ ತುಂಬಿಕೊಡುತ್ತದೆ. ಗಡುವು ಮೀರಿದರೆ ಬಡ್ಡಿ ರೈತನ ತಲೆಗೆ. ಅದಕ್ಕೇ ಜನ ಕೈಗಡ ತಂದಾದರೂ, ಒಡವೆ ಅಡ ಇಟ್ಟಾದರೂ ಗಡುವಿಗೆ ಮುಂಚೆ ಕಟ್ಟಿ, ಆಮೇಲೆ ಹೊಸ ಸಾಲ ಎತ್ತಿ ಕೈಗಡ ತೀರಿಸುತ್ತಾರೆ. ಇದು ನಿಮಗೆ ಹೇಳಿಕೊಡಬೇಕಾದ ಲೆಕ್ಕವಲ್ಲ.

ಒಂದು ವರ್ಷ ಮಾರ್ಚ್ 31ರ ಗಡುವು ಮುಗಿದು ಮೂರು ವಾರಕ್ಕೆ ಸುಸ್ತಿದಾರರ ಪಟ್ಟಿ ಹೊರಬಿತ್ತು. ಮೂರು ಹಳ್ಳಿಗಳಲ್ಲಿ ಸಾಲ ತೀರಿಸಿದ್ದ ಬಹುಪಾಲು ಜನರ ಹೆಸರು ಅದರಲ್ಲಿತ್ತು. ನಾಲ್ಕನೇ ಹಳ್ಳಿಯದು ಮಾತ್ರ ಸರಿಯಾಗಿತ್ತು. ಜನ ರಸೀದಿ ಹಿಡಿದು ಬಂದರು. ಕಿಟಕಿ ಆಚೆಯಿಂದ ಅದೇ ಮಾತು ಬಂತು: ಸಿಸ್ಟಂನಲ್ಲೇ ಹಾಗೆ ಬಂದಿದೆ.

ನಾವು ಹೋದಾಗ ಒಬ್ಬ ಯಜಮಾನರು ಪಟ್ಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. "ನೋಡಿ ಸ್ವಾಮಿ, ನಾನು ಜೂನ್ 3ನೇ ತಾರೀಕು ದುಡ್ಡು ಕಟ್ಟಿದೀನಂತೆ. ಈಗಿನ್ನೂ ಏಪ್ರಿಲ್ಲು. ಜೂನ್ ಬರೋಕೆ ಮುಂಚೆ ಜೂನ್‌ನಲ್ಲಿ ಹೆಂಗೆ ಕಟ್ಟಲಿ?" ಸುತ್ತ ಇದ್ದವರು ನಕ್ಕರು. ಅವರು ನಗಲಿಲ್ಲ. ಅವರ ರಸೀದಿಯಲ್ಲಿ ತಾರೀಕು 06-03 ಅಂತಿತ್ತು.

ಅಷ್ಟರಲ್ಲಿ ಊರಲ್ಲಿ ಎರಡು ಮಾತು ಹುಟ್ಟಿದ್ದವು. ಬಡ್ಡಿ ದುಡ್ಡು ತಿನ್ನೋಕೆ ಯಾರೋ ತಾರೀಕು ತಿದ್ದಿದ್ದಾರೆ ಅನ್ನೋದು ಒಂದು. ಪಟ್ಟಿ ತಯಾರಿಸಿದ ಹುಡುಗಿಗೆ ಕೆಲಸ ಬರೋದಿಲ್ಲ ಅನ್ನೋದು ಇನ್ನೊಂದು. ಆ ಹುಡುಗಿ ಹೊರಗುತ್ತಿಗೆ ಮೇಲೆ ಬಂದವಳು, ಸಂಬಳ ತಿಂಗಳಿಗೆ ಸರಿಯಾಗಿ ಬಂದರೆ ಪುಣ್ಯ. ಅವಳನ್ನ ತೆಗೆದುಹಾಕುವ ಮಾತು ಆಗಲೇ ನಡೆದಿತ್ತು. ನಮ್ಮ ಡೆಸ್ಕ್‌ನಿಂದಲೂ ಫೋನ್ ಬಂತು: "ಬಡ್ಡಿ ಹಗರಣ ಅಂತ ಕಳಿಸ್ರಿ, ಜಿಲ್ಲಾ ಪುಟದಲ್ಲಿ ಮೇಲೆ ಹಾಕೋಣ." ಕಾಲಂ ಲೆಕ್ಕದಲ್ಲಿ ದುಡಿಯುವ ನಮ್ಮಂಥವರಿಗೆ ಪುಟದ ಮೇಲ್ಗಡೆ ಜಾಗ ಅಂದರೆ ಸಣ್ಣ ಮಾತಲ್ಲ. ಎರಡು ದಿನ ಟೈಮ್ ಕೇಳಿದೆವು.

ಆ ಎರಡು ದಿನದಲ್ಲಿ ಮಾಡಿದ ಮೊದಲ ಕೆಲಸ, ಹಳ್ಳಿಗೆ ಹೋಗಿ ರಸೀದಿಗಳ ಫೋಟೋ ತೆಗೆದದ್ದು. ಅರಳಿಕಟ್ಟೆ ಮೇಲೆ ಕೂತು ಅವನ್ನ ತಾರೀಕಿನ ಪ್ರಕಾರ ಜೋಡಿಸಿದೆವು. ಎಲ್ಲರೂ ಜನವರಿಯಿಂದ ಮಾರ್ಚ್ ಒಳಗೆ ಕಟ್ಟಿದವರೇ. ಜೋಡಿಸಿದ ಮೇಲೆ ಒಂದು ವಿಚಿತ್ರ ಕಂಡಿತು. ಯಾವ ತಿಂಗಳಾದರೂ ಸರಿ, 1, 2, 3ನೇ ತಾರೀಕು ಕಟ್ಟಿದವರು ಪಟ್ಟಿಯಿಂದ ಪಾರಾಗಿದ್ದರು. 4ನೇ ತಾರೀಕಿನಿಂದ ಆಚೆಗೆ ಕಟ್ಟಿದವರೆಲ್ಲ ಸುಸ್ತಿ. ದುಡ್ಡು ತಿನ್ನುವವನು ಹೀಗೆ ತಾರೀಕು ನೋಡಿ ತಿನ್ನುವುದಿಲ್ಲ. ಕೆಲಸ ಬಾರದವರ ತಪ್ಪೂ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಇದು ಯಂತ್ರದ ಕೆಲಸ ಅನ್ನಿಸಿತು.

ನಮ್ಮ ಜೊತೆ ಡಿಪ್ಲೊಮಾ ಓದಿದ ಗೆಳೆಯನೊಬ್ಬ ಪತ್ರಿಕೆ ಕೆಲಸ ಬಿಟ್ಟು ತಾಲ್ಲೂಕಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನಿಗೆ ಫೋಟೋ ತೋರಿಸಿದೆವು. ಒಂದು ನಿಮಿಷ ನೋಡಿ, "ಇದು ಅಮೆರಿಕಾ ತಾರೀಕು ಕಣಯ್ಯ" ಅಂದ.

ವಿಷಯ ಇಷ್ಟೇ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಕಂಪ್ಯೂಟರು ಅಮೆರಿಕದ ಪದ್ಧತಿಯಲ್ಲಿದ್ದರೆ, ಎಕ್ಸೆಲ್‌ನಲ್ಲಿ 06-03 ಅನ್ನುವ ನಮ್ಮ ಮಾರ್ಚ್ 6 ಜೂನ್ 3 ಆಗುತ್ತದೆ, ಗಡುವು ಮೀರುತ್ತದೆ. 02-03 ಅನ್ನುವ ಮಾರ್ಚ್ 2 ಫೆಬ್ರವರಿ 3 ಆಗುತ್ತದೆ, ತಪ್ಪಾದರೂ ಗಡುವಿನ ಒಳಗೇ ಇರುತ್ತದೆ. ಅದಕ್ಕೇ ಮೊದಲ ಮೂರು ತಾರೀಕಿನವರು ಪಾರಾದದ್ದು. 18-02 ಅಂತ ವರ್ಷದ ಸಮೇತ ಬಂದರೆ? ಹದಿನೆಂಟನೇ ತಿಂಗಳು ಅಂತ ಇಲ್ಲ. ಆಗ ಎಕ್ಸೆಲ್ ಅದನ್ನ ತಾರೀಕು ಅಂತಲೇ ತಗೊಳ್ಳುವುದಿಲ್ಲ, ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಅಕ್ಷರಕ್ಕೂ ಅಂಕಿಗೂ ಹೋಲಿಸಿ ನೋಡು ಅಂದರೆ ಎಕ್ಸೆಲ್ ಲೆಕ್ಕದಲ್ಲಿ ಅಕ್ಷರವೇ ಯಾವಾಗಲೂ ದೊಡ್ಡದು. ಹಾಗಾಗಿ 13ನೇ ತಾರೀಕಿನಿಂದ ಆಚೆಗೆ ಕಟ್ಟಿದ ಎಲ್ಲರೂ ಗಡುವು ಮೀರಿದವರು! ದೂರು ಕೊಡದೆ, ಕೆಂಪು ಅಕ್ಷರ ತೋರಿಸದೆ ಯಂತ್ರ ಇಷ್ಟೆಲ್ಲ ಮಾಡಿ ಮುಗಿಸಿತ್ತು.

ಈಗ ಪ್ರಶ್ನೆ, ನಮ್ಮೂರಿನ ಕಚೇರಿಗೆ ಅಮೆರಿಕದ ತಾರೀಕು ಹೇಗೆ ಬಂತು?

ಆ ವರ್ಷ ಸಂಸ್ಥೆಗೆ ಹೊಸ ಕಂಪ್ಯೂಟರ್ ಬಂದಿದ್ದವು. ಒಂದೊಂದರಲ್ಲೂ ಕೂತು ಎಲ್ಲ ಹಾಕುತ್ತಾ ಹೋದರೆ ವಾರ ಬೇಕು. ಅದಕ್ಕೇ ಗುತ್ತಿಗೆದಾರನ ಕಡೆಯವರು ಒಂದನ್ನ ಪೂರ್ತಿ ಸಜ್ಜು ಮಾಡುತ್ತಾರೆ: ವಿಂಡೋಸ್, ಎಕ್ಸೆಲ್, ಪ್ರಿಂಟರ್, ಕನ್ನಡ ಕೀಬೋರ್ಡ್, ಭಾರತದ ತಾರೀಕು. ಆಮೇಲೆ ಅದರ ಪಡಿಯಚ್ಚು ತೆಗೆದು ಉಳಿದ ಎಲ್ಲಕ್ಕೂ ಇಳಿಸುತ್ತಾರೆ. ಇದಕ್ಕೆ ಇಮೇಜಿಂಗ್ ಅನ್ನುತ್ತಾರೆ. ಒಂದು ಗಡಿಗೆಯ ಮೊಸರಿನಿಂದ ಹತ್ತು ಗಡಿಗೆಗೆ ಹೆಪ್ಪು ಹಾಕಿದ ಹಾಗೆ.

ಎಡವಟ್ಟಾದದ್ದು ಇಲ್ಲಿ. ತಾರೀಕಿನ ಪದ್ಧತಿ, ಕೀಬೋರ್ಡ್ ಭಾಷೆ, ತೆರೆಯ ಮೇಲಿನ ಚಿತ್ರ ಇವೆಲ್ಲ ಇಡೀ ಯಂತ್ರಕ್ಕೆ ಸೇರಿದವಲ್ಲ. ಯಾರ ಹೆಸರಿನಲ್ಲಿ ಲಾಗಿನ್ ಆಗುತ್ತೀರೋ ಅವರ ಪ್ರೊಫೈಲ್‌ಗೆ ಸೇರಿದವು. ಕೆಲಸದವನು ಇದನ್ನೆಲ್ಲ ತನ್ನ ಲಾಗಿನ್‌ನಲ್ಲಿ ಸರಿಮಾಡಿ, ತನ್ನ ಲಾಗಿನ್‌ನಲ್ಲೇ ಪರೀಕ್ಷೆ ಮಾಡಿ ಹೋಗಿದ್ದ. ಹೊಸಬರು ಮೊದಲ ಸಲ ಲಾಗಿನ್ ಆದಾಗ ವಿಂಡೋಸ್ ಅವನ ಪ್ರೊಫೈಲ್ ನೋಡುವುದಿಲ್ಲ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಒಳಗೆ ಡೀಫಾಲ್ಟ್ ಅಂತ ಇನ್ನೊಂದು ಫೋಲ್ಡರ್ ಅಡಗಿರುತ್ತದೆ. ಹೊಸಬರಿಗೆಲ್ಲ ಅದರದ್ದೇ ನಕಲು. ಅದು ಬಂದ ಹಾಗೇ ಇತ್ತು, ಅಮೆರಿಕದ ಪದ್ಧತಿಯಲ್ಲಿ. ಸಿಬ್ಬಂದಿ ತಮ್ಮ ತಮ್ಮ ಹೆಸರಿನಲ್ಲಿ ಲಾಗಿನ್ ಆದ ಕೂಡಲೇ ಕನ್ನಡ ಕೀಬೋರ್ಡ್ ಮಾಯ, ತಾರೀಕು ತಲೆಕೆಳಗು. ನಾಲ್ಕನೇ ಹಳ್ಳಿಯ ಗುಮಾಸ್ತರು ಮಾತ್ರ ಸೋಮಾರಿತನಕ್ಕೆ ಕೆಲಸದವನ ಲಾಗಿನ್‌ನಲ್ಲೇ ಮುಂದುವರಿದಿದ್ದರು. ಅವರ ಪಟ್ಟಿ ಸರಿ ಇದ್ದದ್ದಕ್ಕೆ ಅದೊಂದೇ ಕಾರಣ.

ಸಂಸ್ಥೆಯ ಕಾರ್ಯದರ್ಶಿ ಒಪ್ಪಿದ ಮೇಲೆ ನಮ್ಮ ಗೆಳೆಯ ಸರಿಮಾಡಲು ಕೂತ. ಪಕ್ಕದಲ್ಲಿ ನಾವು. ಹಳೆಯ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒಂದು ಬಟನ್ ಒತ್ತಿ ನಮ್ಮ ಪ್ರೊಫೈಲನ್ನ ಡೀಫಾಲ್ಟ್ ಮೇಲೆ ನಕಲು ಮಾಡಬಹುದಿತ್ತು. 2009ರಲ್ಲಿ ಬಂದ ವಿಂಡೋಸ್ 7ರಿಂದ ಆ ದಾರಿ ಮುಚ್ಚಿತು. ಈಗ ಸರಿಯಾದ ದಾರಿ ಒಂದೇ. ಹೊಸ ಯಂತ್ರದ ಮೊದಲ ತೆರೆಯಲ್ಲೇ ಕಂಟ್ರೋಲ್, ಶಿಫ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ ಆಡಿಟ್ ಮೋಡ್‌ಗೆ ಹೋಗಬೇಕು. ಅಲ್ಲಿ ಅಡ್ಮಿನಿಸ್ಟ್ರೇಟರ್ ಒಬ್ಬನ ಲಾಗಿನ್‌ನಲ್ಲೇ ಎಲ್ಲ ಸಜ್ಜು ಮಾಡಬೇಕು, ಬೇರೆ ಲಾಗಿನ್ ಸೃಷ್ಟಿಸಬಾರದು. ಆಮೇಲೆ ಕಾಪಿಪ್ರೊಫೈಲ್ ಅನ್ನುವ ಸಾಲಿರುವ ಒಂದು ಉತ್ತರ ಕಡತ ಬರೆದು, ಸಿಸ್‌ಪ್ರೆಪ್ ಅನ್ನುವ ಉಪಕರಣವನ್ನ ಜನರಲೈಸ್ ಆಯ್ಕೆಯೊಂದಿಗೆ ಓಡಿಸಬೇಕು. ಆಮೇಲೆ ಪಡಿಯಚ್ಚು ತೆಗೆಯಬೇಕು. ಸಿಸ್‌ಪ್ರೆಪ್‌ಗೆ ಮುಂಚಿನ ಸ್ಥಿತಿಯ ಒಂದು ಪ್ರತಿಯನ್ನೂ ಬೇರೆ ಎತ್ತಿಡಬೇಕು, ಕೆಟ್ಟರೆ ಮತ್ತೆ ಮೊದಲಿಂದ ಶುರು ಮಾಡುವುದು ತಪ್ಪುತ್ತದೆ.

ಮೊದಲ ಸಲ ಏನೂ ಬದಲಾಗಲಿಲ್ಲ. ಉತ್ತರ ಕಡತದಲ್ಲಿ ಯಂತ್ರ 32 ಬಿಟ್‌ನದು ಅಂತಿತ್ತು, ಯಂತ್ರ 64 ಬಿಟ್‌ನದು. ವಿಂಡೋಸ್ ಆ ಭಾಗವನ್ನ ಓದಿಯೇ ಇರಲಿಲ್ಲ. ತಿದ್ದಿ ಎರಡನೇ ಸಲ ಮಾಡಿದಾಗ ಹೊಸ ಲಾಗಿನ್‌ಗೆ ಕಚೇರಿಯ ಚಿತ್ರ ಬಂತು, ತಾರೀಕು ಮಾತ್ರ ಅಮೆರಿಕದ್ದೇ. ವಿಂಡೋಸ್ ಫೋಲ್ಡರಿನ ಪ್ಯಾಂಥರ್ ಒಳಗೆ ದಾಖಲೆ ಕಡತ ಇರುತ್ತದೆ. ಅದರಲ್ಲಿ ನೋಡಿದರೆ ಪ್ರೊಫೈಲ್ ನಕಲು ಯಶಸ್ವಿ ಅಂತಿದೆ. ಮತ್ತೆ? ಉತ್ತರ ಕಡತದ ಕೆಳಗಡೆ ಯೂಸರ್‌ಲೊಕೇಲ್ ಅನ್ನುವ ಇನ್ನೊಂದು ಸಾಲು. ಎಲ್ಲಿಂದಲೋ ತಂದ ಮಾದರಿಯಲ್ಲಿ ಅದು ಅಮೆರಿಕದ ಇಂಗ್ಲಿಷ್ ಅಂತಲೇ ಉಳಿದಿತ್ತು. ಮಾಡಿದ ಅಡುಗೆಯನ್ನ ಬಡಿಸುವಾಗ ಮತ್ತೊಬ್ಬರು ಬಂದು ಉಪ್ಪು ಸುರಿದ ಹಾಗೆ. ಭಾರತದ ಇಂಗ್ಲಿಷ್ ಅಂತ ತಿದ್ದಿ ಮೂರನೇ ಸಲ ಇಳಿಸಿದ. ಪರೀಕ್ಷೆಗೆ ತನ್ನ ಲಾಗಿನ್ ಬಳಸಲಿಲ್ಲ. ಆ ಹುಡುಗಿಯನ್ನೇ ಕರೆದು, "ಬಾಮ್ಮ, ಹೊಸ ಹೆಸರಲ್ಲಿ ನೀನೇ ಲಾಗಿನ್ ಆಗು" ಅಂದ. ತೆರೆಯ ಬಲಮೂಲೆಯಲ್ಲಿ ದಿನ ಮೊದಲು, ತಿಂಗಳು ಆಮೇಲೆ ಬಂದಿತ್ತು.

ಒಂದು ಮಾತು ನೆನಪಿಡಿ. ಡೀಫಾಲ್ಟ್ ಸರಿಮಾಡಿದರೆ ಮುಂದೆ ಬರುವ ಹೊಸ ಲಾಗಿನ್‌ಗಳಷ್ಟೇ ಸರಿಹೋಗುತ್ತವೆ. ಆಗಲೇ ಹುಟ್ಟಿದ ಪ್ರೊಫೈಲ್‌ಗಳು ಹಾಗೇ ಇರುತ್ತವೆ. ಪಡಿಯಚ್ಚು ಮತ್ತೆ ಇಳಿಸಲಾಗದ ಯಂತ್ರಗಳಲ್ಲಿ ಪ್ರತಿಯೊಬ್ಬರೂ ತಮ್ಮ ಲಾಗಿನ್‌ನಲ್ಲಿ ರೀಜನ್ ಆಯ್ಕೆಗೆ ಹೋಗಿ ಇಂಗ್ಲಿಷ್, ಇಂಡಿಯಾ ಅಂತ ಕೈಯಾರೆ ಬದಲಿಸಬೇಕಾಯಿತು. ಅಲ್ಲೇ ಅಡ್ಮಿನಿಸ್ಟ್ರೇಟಿವ್ ಪುಟದಲ್ಲಿ ಈ ಸೆಟ್ಟಿಂಗನ್ನ ಹೊಸ ಬಳಕೆದಾರರಿಗೂ ನಕಲಿಸು ಅನ್ನುವ ಗುರುತು ಇದೆ. ಒಂದೆರಡು ಯಂತ್ರದ ಸಣ್ಣ ಕಚೇರಿಗೆ ಅಷ್ಟೇ ಸಾಕು.

ತಂತ್ರಾಂಶದಿಂದ ಮೂಲ ಪಟ್ಟಿಯನ್ನ ಮತ್ತೆ ತೆಗೆದು ಸರಿಯಾದ ಯಂತ್ರದಲ್ಲಿ ತೆರೆದರು. ರಸೀದಿ ಪುಸ್ತಕದ ಜೊತೆ ಒಂದೊಂದೂ ತಾಳೆ ನೋಡಿದರು. ಮೂರು ಹಳ್ಳಿಯ ಪಟ್ಟಿ ಒಂದು ಪುಟಕ್ಕೆ ಇಳಿಯಿತು. ಜೂನ್‌ನಲ್ಲಿ ಕಟ್ಟಿದ ಯಜಮಾನರು ಮಾರ್ಚ್‌ಗೆ ವಾಪಸ್ ಬಂದರು. ಹುಡುಗಿಯ ಕೆಲಸ ಉಳಿಯಿತು, ಸಂಬಳ ಮಾತ್ರ ಈಗಲೂ ತಡವೇ. ನಾವು ಹಗರಣ ಅಂತ ಬರೆಯಲಿಲ್ಲ. ನಡೆದದ್ದನ್ನೇ ಬರೆದು ಕಳಿಸಿದೆವು. ಒಳಪುಟದಲ್ಲಿ, ಒಂದು ಕಾಲಂ, ಆರು ಸಾಲು ಬಂತು. ಆರು ಸಾಲಿನಲ್ಲಿ ಹಿಡಿಸದ್ದು ಇಲ್ಲಿ ಹಿಡಿಸಿತು.

ಓದುವ ನಿಮಗೆ ನಾಲ್ಕು ಮಾತು. ದುಡ್ಡು ಕಟ್ಟಿದ ದಿನವೇ ರಸೀದಿಯ ಫೋಟೋ ತೆಗೆದು ಫೋನಿನಲ್ಲಿ ಇಡಿ. ಅರ್ಜಿಯಲ್ಲಿ ತಾರೀಕು ಬರೆಯುವಾಗ ತಿಂಗಳನ್ನ ಅಕ್ಷರದಲ್ಲಿ ಬರೆಯಿರಿ. "6 ಮಾರ್ಚ್" ಅಂದರೆ ಯಾವ ಯಂತ್ರವೂ ಜೂನ್ ಅನ್ನಲಾರದು. ಪಟ್ಟಿ ಹಾಕಿದಾಗ ನಿಮ್ಮ ಹೆಸರಷ್ಟೇ ನೋಡಬೇಡಿ, ಪಕ್ಕದ ತಾರೀಕನ್ನೂ ಓದಿ. ಕಚೇರಿಯಲ್ಲಿ ಕೆಲಸ ಮಾಡುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಇಷ್ಟು ಹೇಳಿ: ಹೊಸ ಕಂಪ್ಯೂಟರ್ ಬಂದ ದಿನ ನಿನ್ನದೇ ಲಾಗಿನ್‌ನಲ್ಲಿ ಎಕ್ಸೆಲ್ ತೆರೆದು 25-12 ಅಂತ ವರ್ಷದ ಸಮೇತ ಹೊಡೆದು ನೋಡು. ಅದು ಚೌಕದ ಎಡಗಡೆಗೆ ಅಂಟಿಕೊಂಡರೆ ಯಂತ್ರ ಅದನ್ನ ತಾರೀಕು ಅಂತ ತಿಳಿದಿಲ್ಲ ಅಂತ ಅರ್ಥ. ಆಗ ಕೆಲಸ ಶುರು ಮಾಡದೆ ಮೊದಲು ಹೇಳಿ ಸರಿಮಾಡಿಸು.

ಸಿಸ್ಟಂನಲ್ಲಿ ತಾನಾಗಿ ಏನೂ ಬರುವುದಿಲ್ಲ. ಯಾರೋ ಹಾಕಿದ್ದು, ಇಲ್ಲವೇ ಯಾರೋ ಹಾಕದೆ ಬಿಟ್ಟದ್ದು, ಅಷ್ಟೇ ಬರುತ್ತದೆ. ಕಿಟಕಿಯಲ್ಲಿ ಮುಂದಿನ ಸಲ ಆ ಮಾತು ಕೇಳಿದರೆ ಜಗಳ ಬೇಡ. "ಸಿಸ್ಟಂನಲ್ಲಿ ಹೆಂಗೆ ಬಂತು, ಒಂದ್ಸಲ ತೋರಿಸಿ ಮೇಡಂ" ಅಂತ ಕೇಳಿ. ತೋರಿಸುವ ತನಕ ರಸೀದಿ ಕೈಯಲ್ಲೇ ಇರಲಿ.